ನಾಲ್ಕು ಆಟ, ಒಂದೇ ಕಂಪ್ಯೂಟರು



ಕಳೆದ ಸಂಚಿಕೆಯಲ್ಲಿ ನರ್ಗಿಸ್ ಮಂಡಕ್ಕಿ ಮಾಡುವ ಬಗೆ ಬರೆದಿದ್ದೆನಲ್ಲ, ಅದಕ್ಕೆ ಬಂದ ಪತ್ರಗಳನ್ನು ಮೊನ್ನೆ ಮಧ್ಯಾಹ್ನ ಒಂದೊಂದಾಗಿ ಬಿಡಿಸಿ ಓದುತ್ತ ಕುಳಿತಿದ್ದೆ. ಖಾರ ಹೆಚ್ಚಾಯಿತು ಅಂದವರು ಕೆಲವರು, ಕಡಿಮೆಯಾಯಿತು ಅಂದವರು ಕೆಲವರು. ನಡುವೆ ಒಂದು ಪತ್ರ ಮಾತ್ರ ಬೇರೆಯದೇ ಇತ್ತು. ಹರಿಹರ ತಾಲೂಕಿನ ಸಾರಥಿಯಿಂದ ಬಂದದ್ದು. ಬರೆದ ತಾಯಿಯ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲಿ ಸ್ವಲ್ಪ ಚಿಕ್ಕದು ಮಾಡಿ ಕೊಡುತ್ತಿದ್ದೇನೆ.

"ಅಕ್ಕಾ, ಮಗಳು ಎರಡನೇ ಪಿ.ಯು.ಸಿ., ಮಗ ಮೊದಲನೇ ಪಿ.ಯು.ಸಿ. ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರು. ಮಗ ಅದರಲ್ಲಿ ಒಂದೇ ಸಲಕ್ಕೆ ನಾಲ್ಕು ಆಟ ಹಾಕಿಕೊಂಡು ಕೂರುತ್ತಾನೆ. ಹೋದ ವಾರ ಮಗಳು ಸಿ.ಇ.ಟಿ. ಅರ್ಜಿ ತುಂಬುತ್ತಿದ್ದಳು. ಇವನು ಆಟ ಮುಚ್ಚಿರಲಿಲ್ಲ. ಫೋಟೋ ಹಾಕುವ ಹೊತ್ತಿಗೆ ಕಂಪ್ಯೂಟರು ಕಲ್ಲಿನ ಹಾಗೆ ನಿಂತುಬಿಟ್ಟಿತು. ತುಂಬಿದ್ದೆಲ್ಲ ಹೋಯಿತು. ಅವತ್ತಿನಿಂದ ಅಕ್ಕ ತಮ್ಮ ಮಾತು ಬಿಟ್ಟಿದ್ದಾರೆ. ಇದು ಹಳೇದು, ಹೊಸದು ಬೇಕು, ಎಂಬತ್ತು ಸಾವಿರ ಆಗುತ್ತೆ ಅಂತಾನೆ ಮಗ. ನನ್ನ ಎರಡು ಬಳೆ ಒತ್ತೆ ಇಡೋಣ ಅಂತ ಮನಸ್ಸು ಮಾಡಿದ್ದೀನಿ. ಇವರಿಗೂ ಹೇಳಿಲ್ಲ, ಮಾವನವರಿಗೂ ಹೇಳಿಲ್ಲ. ಇಡಲೋ ಬೇಡವೋ, ನೀವು ಹೇಳಿದ ಹಾಗೆ."

ಇಂಥ ಪತ್ರಕ್ಕೆ ಮನೆಯಲ್ಲಿ ಕೂತು ಉತ್ತರ ಬರೆಯುವುದಾದರೂ ಹೇಗೆ? ಅರ್ಜಿಯ ಕೊನೆಯ ದಿನಕ್ಕೆ ಇನ್ನೂ ಹನ್ನೆರಡು ದಿನವಿತ್ತು. ನನ್ನ ತಂಗಿಯ ಮಗ ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಭಾನುವಾರ ಅವನನ್ನು ಹೊರಡಿಸಿಕೊಂಡು ಹೋಗಿಯೇಬಿಟ್ಟೆ.

ಹೋಗಿ ನೋಡಿದರೆ ಕಂಪ್ಯೂಟರಿನ ಪೆಟ್ಟಿಗೆ ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡು, ಮೈತುಂಬ ಕ್ರೋಷಾ ಕವರು ಹೊದ್ದು ಕೂತಿತ್ತು. ಅಂದದ ಕವರು, ಆ ತಾಯಿಯೇ ಹೆಣೆದದ್ದು. ಆದರೆ ಉರಿಬಿಸಿಲಲ್ಲಿ ನಮಗೆ ಯಾರಾದರೂ ಶಾಲು ಹೊದಿಸಿದರೆ ಹೇಗಿರುತ್ತೆ, ಹೇಳಿ! ಹುಡುಗ ನನ್ನ ನರೆಗೂದಲು ನೋಡಿ, "ಅಜ್ಜಿ, ಇದು ಹಳೇದಾಗೈತೆ. ಇದ್ರಾಗೆ ಏನೂ ಆಗಲ್ಲ," ಅಂದ. ಒಳಕೋಣೆಯಿಂದ ಅವನ ತಾತ ಬಂದರು. ಹರಿಹರದಲ್ಲಿ ಲೇತು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ, ಅದು ಮುಚ್ಚುವವರೆಗೂ ದುಡಿದವರು. "ಲೇತು ತಡೀತೈತೆ ಅಂದ್ರೆ ಹೊಸಾ ಲೇತು ತರ್ತಾರೇನವ್ವಾ? ಎಲ್ಲಿ ಹಿಡೀತೈತೆ ಅಂತ ಮೊದ್ಲು ನೋಡ್ಬೇಕು," ಅಂದರು. ಆ ಮನೆಯಲ್ಲಿ ನನಗೆ ಹೇಳಲು ಇದ್ದದ್ದನ್ನೆಲ್ಲ ಅವರೇ ಹೇಳಿಬಿಟ್ಟರು ಅನ್ನಿ.

ಎಲ್ಲಿ ಹಿಡಿಯುತ್ತಿದೆ ಎಂದು ನೋಡುವುದು ನೀವು ಅಂದುಕೊಂಡಷ್ಟು ಕಷ್ಟವಿಲ್ಲ. ಆಟಗಳೆಲ್ಲ ನಡೆಯುತ್ತಿರುವಾಗಲೇ ಕೀಬೋರ್ಡಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಎಂಬ ಪುಟ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿ ಸಿ.ಪಿ.ಯು., ಮೆಮೊರಿ, ಡಿಸ್ಕ್, ಜಿ.ಪಿ.ಯು. ಎಂದು ಸಾಲಾಗಿ ಬರೆದು, ಯಾವುದು ನೂರಕ್ಕೆ ಎಷ್ಟು ದುಡಿಯುತ್ತಿದೆ ಎಂದು ತೋರಿಸುತ್ತದೆ. ಯಾವುದು ನೂರರ ಹತ್ತಿರ ಹೋಗಿ ಅಲ್ಲೇ ನಿಂತಿದೆಯೋ ಅಲ್ಲೇ ಹಿಡಿಯುತ್ತಿದೆ ಎಂದರ್ಥ. ಇಲ್ಲಿ ಮೆಮೊರಿ 96, ಡಿಸ್ಕ್ 100. ಸಿ.ಪಿ.ಯು. ಏರುತ್ತ ಇಳಿಯುತ್ತ ಇತ್ತು. ಜಿ.ಪಿ.ಯು. ಎಂದರೆ ಚಿತ್ರ ಬಿಡಿಸುವ ಭಾಗ, ಅದೂ ಏದುಸಿರು ಬಿಡುತ್ತಿತ್ತು.

ನಮ್ಮ ಭಾಷೆಯಲ್ಲಿ ಹೇಳುತ್ತೇನೆ ಕೇಳಿ. ರ‍್ಯಾಮ್ ಅಥವಾ ಮೆಮೊರಿ ಎಂದರೆ ಅಡುಗೆಮನೆಯ ಕಟ್ಟೆ. ಹಾರ್ಡ್ ಡಿಸ್ಕ್ ಎಂದರೆ ಉಗ್ರಾಣ. ಹಬ್ಬದ ದಿನ ಕಟ್ಟೆಯ ಮೇಲೆ ಜಾಗ ಸಾಲದೆ ಹೋದರೆ ಏನು ಮಾಡುತ್ತೀರಿ? ಹಿಟ್ಟಿನ ಡಬ್ಬಿ ಉಗ್ರಾಣಕ್ಕೆ, ಬೇಳೆ ಕಟ್ಟೆಗೆ. ಮತ್ತೆ ಬೇಳೆ ಉಗ್ರಾಣಕ್ಕೆ, ಹಿಟ್ಟು ಕಟ್ಟೆಗೆ. ಓಡಾಟದಲ್ಲೇ ಹೊತ್ತು ಹೋಗುತ್ತದೆ, ಒಲೆ ಸುಮ್ಮನೆ ಉರಿಯುತ್ತಿರುತ್ತದೆ. ಕಂಪ್ಯೂಟರೂ ಅದನ್ನೇ ಮಾಡುತ್ತಿತ್ತು. ಅದು 2018ರ ಯಂತ್ರ. ಐ-3 ಪ್ರೊಸೆಸರು, ಅದಕ್ಕೆ ನಾಲ್ಕು ಕೋರು, ಎಂದರೆ ನಾಲ್ಕು ಒಲೆ. 8 ಜಿ.ಬಿ. ರ‍್ಯಾಮ್, ಅದೂ ಒಂದೇ ಪಟ್ಟಿಯಲ್ಲಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹುಡುಗ ಆಡುತ್ತಿದ್ದದ್ದು ಫೋನಿನ ಆಟ, ಕೋಟೆ ಕಟ್ಟುವ ಆಟವಂತೆ. ಫೋನಿನ ಆಟವನ್ನು ಕಂಪ್ಯೂಟರಿನಲ್ಲಿ ಆಡಿಸಲು ಎಮ್ಯುಲೇಟರ್ ಎಂಬ ತಂತ್ರಾಂಶ ಬೇಕು. ಅದು ಪ್ರತಿ ಆಟಕ್ಕೂ ಒಂದೊಂದು ಸುಳ್ಳು ಫೋನನ್ನೇ ಕಂಪ್ಯೂಟರಿನೊಳಗೆ ಹುಟ್ಟಿಸುತ್ತದೆ. ನಾಲ್ಕು ಆಟ ಎಂದರೆ ನಾಲ್ಕು ಫೋನು. ಒಂದೊಂದು ಒಂದೂವರೆಯಿಂದ ಎರಡು ಜಿ.ಬಿ. ತಿಂದರೆ, ವಿಂಡೋಸ್ ತನ್ನ ಪಾಲು ಎರಡು ಮೂರು ಜಿ.ಬಿ. ಇಟ್ಟುಕೊಂಡರೆ, ಎಂಟರಲ್ಲಿ ಉಳಿಯುವುದೇನು? ಅದರ ಮೇಲೆ ಬ್ರೌಸರಿನಲ್ಲಿ ಇಪ್ಪತ್ತೆರಡು ಪುಟ ತೆರೆದು ಬಿಟ್ಟಿದ್ದ ಮಹಾರಾಯ.

ಕಾಸು ಬಿಚ್ಚುವ ಮುಂಚೆ ಕಾಸಿಲ್ಲದ ಕೆಲಸ ಮುಗಿಸೋಣ ಅಂದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ ಮೇಲೆ ಮತ್ತೆ ಟಾಸ್ಕ್ ಮ್ಯಾನೇಜರ್ ನೋಡುವುದು. ಸಾರಿಗೆ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರಿದರೆ ಯಾವುದು ಹೆಚ್ಚಾಯಿತೆಂದು ತಿಳಿಯುವುದಿಲ್ಲ, ನೋಡಿ.

ಮೊದಲು ಪೆಟ್ಟಿಗೆಯ ಕವರು ತೆಗೆದೆವು. ಕರೆಂಟು ತೆಗೆದು, ವೈರುಗಳನ್ನೆಲ್ಲ ಬಿಚ್ಚಿ, ಪೆಟ್ಟಿಗೆಯನ್ನು ಮಾಳಿಗೆಗೆ ಒಯ್ದು ಪಕ್ಕದ ತಗಡು ಬಿಚ್ಚಿದರೆ ಒಳಗೆ ಧೂಳಿನ ಕಂಬಳಿಯೇ ಇತ್ತು. ಒಣಗಿದ ಮೆತ್ತನೆಯ ಬ್ರಷ್ಷಿನಿಂದ ತೆಗೆಯಬೇಕು. ಒದ್ದೆ ಬಟ್ಟೆ ಬೇಡ. ಮನೆಯ ವ್ಯಾಕ್ಯೂಮ್ ಕ್ಲೀನರೂ ಬೇಡ, ಅದರಿಂದ ಹುಟ್ಟುವ ಸ್ಥಾಯಿ ವಿದ್ಯುತ್ತು ಒಳಗಿನ ಬಿಡಿಭಾಗಗಳಿಗೆ ಕೇಡು. ಗಾಳಿ ಊದುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಊದಿ, ಗರಗರ ತಿರುಗಲು ಬಿಡಬೇಡಿ. ಇದು ಬರಿಯ ಚೊಕ್ಕಟದ ಮಾತಲ್ಲ. ಪ್ರೊಸೆಸರು ಕಾದು 100 ಡಿಗ್ರಿಯ ಹತ್ತಿರ ಬಂದರೆ ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಮಾರ್ಚಿ ಕಳೆದ ಮೇಲೆ ದಾವಣಗೆರೆ, ಹರಿಹರದ ಕಡೆ ಬಿಸಿಲು ಹೇಗಿರುತ್ತೆ ಅಂತ ನಿಮಗೆ ಹೇಳಬೇಕೆ? ಚಳಿಗಾಲದಲ್ಲಿ ಓಡುತ್ತಿದ್ದ ಕಂಪ್ಯೂಟರು ಬೇಸಿಗೆಯಲ್ಲಿ ಕುಂಟಿದರೆ ಮೊದಲು ಅನುಮಾನಿಸಬೇಕಾದದ್ದು ಧೂಳನ್ನೇ. ಲ್ಯಾಪ್‌ಟಾಪ್ ಇದ್ದವರು ಅದನ್ನು ಹಾಸಿಗೆಯ ಮೇಲಿಟ್ಟು ಆಡಲು ಮಕ್ಕಳನ್ನು ಬಿಡಬೇಡಿ, ಗಾಳಿ ಹೋಗುವ ಕಿಂಡಿ ಮುಚ್ಚಿಹೋಗುತ್ತದೆ. ಕವರು ಇರಲಿ, ಕಂಪ್ಯೂಟರು ಆರಿಸಿ, ತಣಿದ ಮೇಲೆ ಹೊದಿಸಿ.

ಆಮೇಲೆ ಟಾಸ್ಕ್ ಮ್ಯಾನೇಜರಿನಲ್ಲೇ ಸ್ಟಾರ್ಟಪ್ ಎಂಬ ಪಟ್ಟಿ ಇದೆ. ಕಂಪ್ಯೂಟರು ಹಚ್ಚಿದ ಕೂಡಲೇ ಕರೆಯದೇ ಬಂದು ಕೂರುವ ನೆಂಟರ ಪಟ್ಟಿ ಅದು. ಇಲ್ಲಿ ಹನ್ನೊಂದಿದ್ದವು. ವೈರಸ್ ಕಾಯುವುದೊಂದನ್ನೂ ಧ್ವನಿಗೆ ಸಂಬಂಧಿಸಿದ್ದನ್ನೂ ಬಿಟ್ಟು ಉಳಿದವನ್ನು ಡಿಸೇಬಲ್ ಮಾಡಿದೆವು. ಬ್ರೌಸರಿನ ಇಪ್ಪತ್ತೆರಡು ಪುಟ ಎರಡಾದವು. ಮೆಮೊರಿ 96ರಿಂದ 81ಕ್ಕೆ ಇಳಿಯಿತು. ಹುಡುಗ ಕುರ್ಚಿ ಸ್ವಲ್ಪ ಹತ್ತಿರ ಎಳೆದುಕೊಂಡ.

ಈಗ ಮುಖ್ಯವಾದ ಮಾತು. ನಾಲ್ಕು ಆಟ ಒಟ್ಟಿಗೆ ನಡೆದರೂ ಹುಡುಗ ನೋಡುವುದು ಒಂದನ್ನೇ ತಾನೆ? ಉಳಿದ ಮೂರು ಹಿಂದೆ ಕಾಯುತ್ತಿರುತ್ತವೆ. ಆದರೆ ನಾಲ್ಕಕ್ಕೂ ಅವನು ಒಂದೇ ಮರ್ಯಾದೆ ಮಾಡಿದ್ದ. ಪ್ರತಿಯೊಂದಕ್ಕೂ ಅಗಲ 1920, ಎತ್ತರ 1080 ಚುಕ್ಕೆ. ಲೆಕ್ಕ ಹಾಕಿ, ಒಂದು ಚಿತ್ರಕ್ಕೆ 20 ಲಕ್ಷದ 73 ಸಾವಿರ ಚುಕ್ಕೆಯಾಯಿತು. ಸೆಕೆಂಡಿಗೆ 60 ಚಿತ್ರ ಬಿಡಿಸಬೇಕು. ಒಂದು ಆಟಕ್ಕೆ ಹನ್ನೆರಡೂವರೆ ಕೋಟಿ ಚುಕ್ಕೆ, ನಾಲ್ಕಕ್ಕೆ ಹತ್ತಿರ ಹತ್ತಿರ 50 ಕೋಟಿ, ಅದೂ ಒಂದೇ ಸೆಕೆಂಡಿನಲ್ಲಿ! ನೋಡುವವರಿಲ್ಲದ ಮೂರು ಕೋಣೆಗೂ ರಂಗೋಲಿ ಹಾಕಿದ ಹಾಗೆ. ಹಿಂದಿನ ಮೂರನ್ನು 960ಕ್ಕೆ 540 ಅಳತೆಗೆ ಇಳಿಸಿ, ಸೆಕೆಂಡಿಗೆ 15 ಚಿತ್ರ ಸಾಕು ಎಂದು ಮಿತಿ ಹಾಕಿದೆವು. ಮುಂದಿನದನ್ನು ಮುಟ್ಟಲಿಲ್ಲ. ಒಟ್ಟು ಹೊರೆ 50 ಕೋಟಿಯಿಂದ 15 ಕೋಟಿಯ ಒಳಗೆ ಬಂತು. ಬ್ಲೂಸ್ಟ್ಯಾಕ್ಸ್‌ನಂಥ ಎಮ್ಯುಲೇಟರಿನಲ್ಲಿ ಇದಕ್ಕಾಗಿಯೇ ಇಕೋ ಮೋಡ್ ಎಂಬ ಗುಂಡಿ ಇದೆ. ಎಮ್ಯುಲೇಟರಿಲ್ಲದೆ ನೇರ ಕಂಪ್ಯೂಟರಿನಲ್ಲೇ ಆಡುವ ಎಷ್ಟೋ ಆಟಗಳಲ್ಲೂ, ಹಿಂದೆ ಸರಿದ ವಿಂಡೋಗೆ ಚಿತ್ರ ಕಡಿಮೆ ಮಾಡುವ ಸೌಕರ್ಯ ಸೆಟ್ಟಿಂಗ್ಸಿನಲ್ಲಿ ಇರುತ್ತದೆ. ನೆರಳು, ನೀರಿನ ಹೊಳಪು ಮುಂತಾದ ಬಣ್ಣಬೆಡಗನ್ನೂ ಅಲ್ಲೇ ತಗ್ಗಿಸಬಹುದು.

ಇನ್ನೊಂದು ತಪ್ಪು ಮಾಡಿದ್ದ. ಹೆಚ್ಚು ಕೊಟ್ಟರೆ ಹೆಚ್ಚು ಓಡುತ್ತೆ ಅಂದುಕೊಂಡು ನಾಲ್ಕು ಆಟಕ್ಕೂ ನಾಲ್ಕು ನಾಲ್ಕು ಕೋರು ಬರೆದಿದ್ದ. ಇರುವುದೇ ನಾಲ್ಕು ಒಲೆ. ನಾಲ್ಕೂ ಜನ ಓರಗಿತ್ತಿಯರು ನಾಲ್ಕೂ ಒಲೆ ನನಗೇ ಎಂದರೆ ಮನೆಯಲ್ಲಿ ಅನ್ನವಾಗುತ್ತದೆಯೆ? ಮುಂದಿನದಕ್ಕೆ ಎರಡು, ಹಿಂದಿನವಕ್ಕೆ ಒಂದೊಂದು ಎಂದು ಬದಲಿಸಿದೆವು. ಎಮ್ಯುಲೇಟರ್ ಬಳಸುವವರು ಸಿ.ಪಿ.ಯು. ಪುಟದಲ್ಲಿ ವರ್ಚುವಲೈಸೇಷನ್ ಎಂಬಲ್ಲಿ ಎನೇಬಲ್ಡ್ ಎಂದಿದೆಯೇ ಅಂತಲೂ ನೋಡಿಕೊಳ್ಳಿ. ಇಲ್ಲದಿದ್ದರೆ ಎಷ್ಟು ಹಣ ಸುರಿದರೂ ಎಮ್ಯುಲೇಟರ್ ಓಡದು. ರಿಪೇರಿಯವರು ಬಯಾಸ್ ಎಂಬ ಮೂಲ ಸೆಟ್ಟಿಂಗಿನಲ್ಲಿ ಎರಡು ನಿಮಿಷದಲ್ಲಿ ಸರಿಪಡಿಸುತ್ತಾರೆ. ಈ ಮನೆಯಲ್ಲಿ ಅದು ಸರಿ ಇತ್ತು.

ಅಷ್ಟು ಹೊತ್ತಿಗೆ ಚಹಾ ಬಂತು, ಜೊತೆಗೆ ಮಿರ್ಚಿ. ನನ್ನ ತಂಗಿಯ ಮಗ ಹೇಳಿದ್ದು: ಇಷ್ಟಕ್ಕೇ ನಿಲ್ಲಿಸಿದರೆ ಮೂರು ಆಟ ಸುಖವಾಗಿ ನಡೆಯುತ್ತವೆ, ನಾಲ್ಕನೆಯದು ಬಂದರೆ ಮತ್ತೆ ಕಟ್ಟೆ ತುಂಬುತ್ತದೆ. ಸಣ್ಣ ಖರ್ಚು ಎರಡು ಮಾಡಿದರೆ ಯಂತ್ರ ಇನ್ನೂ ಕೆಲವು ವರ್ಷ ಬಾಳುತ್ತದೆ. ಒಂದು, ತಿರುಗುವ ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್.ಎಸ್.ಡಿ. ಹಾರ್ಡ್ ಡಿಸ್ಕಿನಲ್ಲಿ ಒಂದು ಮುಳ್ಳು ಹೋಗಿ ಹುಡುಕಿ ತರಬೇಕು; ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ, ಬೇಕಾದದ್ದು ತಕ್ಷಣ ಸಿಗುತ್ತದೆ. ಎರಡು, ಈಗಿರುವಂಥದೇ ಇನ್ನೊಂದು 8 ಜಿ.ಬಿ. ರ‍್ಯಾಮ್. ಒಂದೇ ಬಗೆಯ ಎರಡು ಪಟ್ಟಿ ಇದ್ದರೆ ಪ್ರೊಸೆಸರು ಎರಡೂ ಕೈಯಿಂದ ಎತ್ತಿಕೊಳ್ಳುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಇಂಥ ಯಂತ್ರದಲ್ಲಿ ಚಿತ್ರ ಬಿಡಿಸುವುದಕ್ಕೂ ಇದೇ ಮೆಮೊರಿ ಬಳಕೆಯಾಗುವುದರಿಂದ ಲಾಭ ಚೆನ್ನಾಗಿ ಕಾಣುತ್ತದೆ.

ರ‍್ಯಾಮ್ ಕೊಳ್ಳುವಾಗ ಡಿ.ಡಿ.ಆರ್.-3, 4, 5 ಎಂದು ಜಾತಿಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಹಳೆಯ ಪಟ್ಟಿಯನ್ನು ಬಿಚ್ಚಿ ಅಂಗಡಿಗೆ ಒಯ್ಯಿರಿ, ರವಿಕೆ ಕಣಕ್ಕೆ ಸೀರೆ ಒಯ್ದ ಹಾಗೆ. 2025ರ ಕೊನೆಯಿಂದ ರ‍್ಯಾಮಿನ ಬೆಲೆ ಜಗತ್ತಿನಲ್ಲೆಲ್ಲ ಏರಿತು. ದೊಡ್ಡ ಕಂಪನಿಗಳು ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಕೊಂಡುಕೊಳ್ಳುತ್ತಿರುವುದೇ ಕಾರಣ. ಹಾಗಾಗಿ ಎರಡು ಮೂರು ಅಂಗಡಿ ಕೇಳಿ. ಇವರಿಗೆ ಹಳೆಯ ಯಂತ್ರದಿಂದ ಬಿಚ್ಚಿ ಪರೀಕ್ಷಿಸಿದ ಪಟ್ಟಿಯೇ ಸಿಕ್ಕಿತು. ಎಸ್.ಎಸ್.ಡಿ. ಸೇರಿ ಆರು ಸಾವಿರ ದಾಟಲಿಲ್ಲ. ಅದರಲ್ಲೇ ವಿಂಡೋಸ್ 11 ಹಾಕಿಸಿದೆವು, ಏಕೆಂದರೆ ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಇಂಟರ್‌ನೆಟ್ಟಿನ ಬಗ್ಗೆ ಎರಡೇ ಮಾತು. ಆಟ ಆಡಲು ಬೇಕಾಗುವ ಇಂಟರ್‌ನೆಟ್ಟು ತೀರಾ ಸ್ವಲ್ಪ. ಹೊಸ ಆವೃತ್ತಿ ಇಳಿಯುವಾಗ ಮಾತ್ರ ಮನೆಯ ಸಂಪರ್ಕವನ್ನೆಲ್ಲ ನುಂಗುತ್ತದೆ. ಅದನ್ನು ರಾತ್ರಿಗೆ ಇಡಿ. ಆದರೆ ವೈಫೈ ಬದಲು ವೈರು ಹಾಕಿ.

ಕರೆಂಟಿನ ಲೆಕ್ಕವನ್ನೂ ನಾವೇ ತಾನೆ ನೋಡುವವರು? 150 ವಾಟಿನ ಕಂಪ್ಯೂಟರು ದಿನಕ್ಕೆ ಆರು ಗಂಟೆ ಉರಿದರೆ ತಿಂಗಳಿಗೆ 27 ಯೂನಿಟ್ಟು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ಟಿನ ಗೆರೆ ಎಲ್ಲ ಮನೆಯವರಿಗೂ ಬಾಯಿಪಾಠ. ಗೆರೆ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೆ. ಹಿಂದಿನ ಆಟಗಳ ಚಿತ್ರ ಇಳಿಸಿದರೆ ಯಂತ್ರ ಎಳೆಯುವ ಕರೆಂಟೂ ಇಳಿಯುತ್ತದೆ, ಕೋಣೆಯ ಸೆಕೆಯೂ ಇಳಿಯುತ್ತದೆ.

ಕಂಪ್ಯೂಟರ್ ಹಗುರ ಮಾಡುತ್ತೇವೆ, ಒಂದೇ ಗುಂಡಿಗೆ ವೇಗ ಇಮ್ಮಡಿ ಎಂದು ಪುಕ್ಕಟೆ ಸಿಗುವ ಬೂಸ್ಟರ್‌ಗಳ ವಿಷಯದಲ್ಲಿ ಮಾತ್ರ ನಾನು ಖಂಡಿತವಾದಿ. ಬೇಡವೇ ಬೇಡ. ಮೆಮೊರಿ ಖಾಲಿ ಮಾಡಿದೆ ಎಂದು ತೋರಿಸಿ, ಕಟ್ಟೆಯ ಮೇಲಿನದನ್ನು ಉಗ್ರಾಣಕ್ಕೆ ತಳ್ಳುವುದು ಬಿಟ್ಟು ಹೆಚ್ಚಿನವು ಬೇರೇನೂ ಮಾಡುವುದಿಲ್ಲ. ಆಟ ಗೆಲ್ಲಿಸುವ ಕಳ್ಳ ತಂತ್ರಾಂಶಗಳಂತೂ ಒಳಗೆ ಏನು ತಂದು ಬಿಡುತ್ತವೋ ದೇವರೇ ಬಲ್ಲ. ಅದೇ ಕಂಪ್ಯೂಟರಿನಲ್ಲಿ ನಿಮ್ಮ ಬ್ಯಾಂಕಿನ ಗುಟ್ಟಿನ ಪದ, ಮಗಳ ಅಂಕಪಟ್ಟಿ ಎಲ್ಲ ಇರುತ್ತದೆ. ಈ ಹುಡುಗ ಎರಡು ಹಾಕಿಕೊಂಡಿದ್ದ. ತೆಗೆಸಿ, ಇಡೀ ಡಿಸ್ಕನ್ನು ವೈರಸ್ ಪರೀಕ್ಷೆಗೆ ಹಚ್ಚಿದೆವು.

ಹಾಗೆಯೇ, ಒಬ್ಬರೇ ನಾಲ್ಕು ಖಾತೆ ನಡೆಸಬಹುದೇ ಎಂಬುದನ್ನು ಆಯಾ ಆಟದ ನಿಯಮದಲ್ಲಿ ಮಕ್ಕಳಿಂದಲೇ ಓದಿಸಿ ಕೇಳಿ. ಕೆಲವು ಕಂಪನಿಗಳು ಒಪ್ಪುತ್ತವೆ. ಈವ್ ಆನ್‌ಲೈನ್ ಎಂಬ ಆಟದಲ್ಲಿ ಹಲವು ಖಾತೆಗೆ ಅಡ್ಡಿಯಿಲ್ಲ. ಆದರೆ ಒಂದು ಕೀಲಿ ಒತ್ತಿದರೆ ಎಲ್ಲ ಖಾತೆಗಳೂ ಕುಣಿಯುವಂತೆ ಮಾಡುವುದನ್ನು 2015ರಿಂದ ನಿಷೇಧಿಸಿದ್ದಾರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನವರೂ ಅಂಥ ತಂತ್ರಾಂಶವನ್ನು 2020ರಲ್ಲಿ ನಿಲ್ಲಿಸಿದರು. ಇನ್ನು ಹಣ ಪಣವಿಡುವ ಆಟವೇನಾದರೂ ನಡುವೆ ಇದೆಯೇ ಎಂದು ನಾನು ನೇರವಾಗಿಯೇ ಕೇಳಿದೆ, ಹುಡುಗ ಇಲ್ಲವೆಂದ, ತೆರೆದು ತೋರಿಸಿದ. ನೀವೂ ಕೇಳಿ, ನಾಚಿಕೆ ಬೇಡ. ನಮ್ಮ ರಾಜ್ಯ 2021ರಲ್ಲಿ ಇಂಥ ಆಟ ತಡೆಯಲು ತಂದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದು ಮಾಡಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತೇ ಹಣದ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು.

ಎಲ್ಲ ಮುಗಿದ ಮೇಲೆ ಕೇಳಿದೆ: "ಅಲ್ಲಪ್ಪಾ, ನಾಲ್ಕು ಯಾಕೆ? ಮೂರು ಸಾಲದೇನು?" ಹುಡುಗ ತಲೆ ತಗ್ಗಿಸಿದ. ಒಂದು ಅವನದು. ಎರಡು, ಅವನದೇ ಹೆಚ್ಚಿನ ಖಾತೆಗಳು, ತನ್ನ ಕೋಟೆಗೆ ತಾನೇ ಸೈನ್ಯ ಕಳಿಸಿಕೊಳ್ಳಲು. ನಾಲ್ಕನೆಯದು? "ಅದು ಅಕ್ಕಂದು ಅಜ್ಜಿ. ಓದೋದೈತೆ ಅಂತ ಅವ್ಳು ಬಿಟ್ಲು. ದಿನಾ ತೆಗೀದಿದ್ರೆ ಕೋಟೆ ಬಿದ್ದೋಗ್ತೈತೆ."

ಬಾಗಿಲ ಹತ್ತಿರ ಪುಸ್ತಕ ಹಿಡಿದು ನಿಂತಿದ್ದ ಮಗಳು ಕೇಳಿಸಿಕೊಂಡಳು. ಬಂದು ತಮ್ಮನ ಭುಜದ ಮೇಲಿಂದ ಬಗ್ಗಿ ನೋಡಿದಳು. ಆರು ತಿಂಗಳಲ್ಲಿ ಗೋಡೆ ಎರಡು ಸುತ್ತು ಎದ್ದಿತ್ತು. "ಈ ಬಾಗಿಲು ಇಲ್ಯಾಕೆ ಇಟ್ಟೀಯೋ, ಬುದ್ಧಿ ಐತಾ?" ಅಂದಳು. ಎಂಟು ದಿನದ ಮೇಲೆ ಆಡಿದ ಮೊದಲ ಮಾತಂತೆ ಅದು. ಒಬ್ಬರ ಖಾತೆ ಇನ್ನೊಬ್ಬರು ನಡೆಸುವುದನ್ನು ಬಹಳಷ್ಟು ಕಂಪನಿಗಳು ಒಪ್ಪುವುದಿಲ್ಲ ಎಂದು ನನ್ನ ತಂಗಿಯ ಮಗ ಹೇಳಿದ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ತಾನೇ ತೆರೆಯುತ್ತೇನೆ, ಪರೀಕ್ಷೆ ಮುಗಿಯುವವರೆಗೆ ಅಷ್ಟೇ ಸಾಕು ಎಂದಳು ಹುಡುಗಿ. ಹಗಲು ಮೂರೇ ಆಟ ಎಂದಾಯಿತು. ಅಕ್ಕ ಓದಿಗೆ, ಅರ್ಜಿಗೆ ಕುಳಿತರೆ ಆಟವೇ ಇಲ್ಲ.

ಐದನೆಯ ದಿನ ಆ ತಾಯಿ ಫೋನು ಮಾಡಿದ್ದರು. ಅರ್ಜಿ ಹೋಯಿತಂತೆ, ಫೋಟೋ ಸಮೇತ, ಶುಲ್ಕ ಕಟ್ಟಿದ ರಸೀದಿಯೂ ಬಂತಂತೆ. ಬಳೆ ಕೈಯಲ್ಲೇ ಇವೆ. ಒತ್ತೆಯ ಸಂಗತಿ ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ. "ಮಾವನವರು ನಿಮ್ಮ ಪುಟ ತಪ್ಪದೆ ಓದ್ತಾರಕ್ಕಾ, ಏನು ಮಾಡ್ಲಿ?" ಅಂದರು. ಸಂಚಿಕೆ ಮನೆಗೆ ಬರುವ ಮುಂಚೆ ನೀವೇ ಹೇಳಿಬಿಡಿ ಅಂದೆ. ಹೇಳಿದರೋ ಇಲ್ಲವೋ, ಅವರ ಮುಂದಿನ ಪತ್ರ ಬರಬೇಕು.